ಐವತ್ತು ಕೋಟಿ ಬುಟ್ಟಿ ಕಾಂಕ್ರೀಟು

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿದೆ. ವೆಚ್ಚ ಸುಮಾರು 450 ಕೋಟಿ ರೂಪಾಯಿ. 2020ರಲ್ಲಿ ಮತ್ತೆ ಚುರುಕಾದ ಕೆಲಸ ಮುಗಿಯಲು ಎರಡೂವರೆ ವರ್ಷ ಬೇಕಾಯಿತು. ಜೆಸಿಬಿ, ಟಿಪ್ಪರ್, ರೋಲರ್, ಕಾಂಕ್ರೀಟ್ ಪ್ಲಾಂಟ್ ಎಲ್ಲವೂ ಕೈಗೆ ಸಿಗುವ ಕಾಲದಲ್ಲಿ ಅದು ಒಳ್ಳೆಯ ವೇಗವೇ. ಆದರೆ ಇದೇ ದೇಶದಲ್ಲಿ ಎಂಬತ್ತು ವರ್ಷ ಹಿಂದೆ ನಡೆದದ್ದನ್ನು ಪಕ್ಕಕ್ಕಿಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. 1942ರ ಆರಂಭದಲ್ಲಿ ಅಂದಿನ ಇಡೀ ಭಾರತದಲ್ಲಿ ಮಳೆಗಾಲದಲ್ಲೂ ಯುದ್ಧವಿಮಾನ ಇಳಿಯಬಲ್ಲ ಗಟ್ಟಿ ರನ್‌ವೇಗಳಿದ್ದ ನಿಲ್ದಾಣಗಳು ಬೆರಳೆಣಿಕೆಯಷ್ಟು. 1943 ಮುಗಿಯುವ ಹೊತ್ತಿಗೆ ಸುಮಾರು 275 ವಾಯುನೆಲೆಗಳು ಸಿದ್ಧವಾಗಿದ್ದವು. ಅವುಗಳಲ್ಲಿ 140ಕ್ಕೆ ಎರಡೆರಡು ಸರ್ವಋತು ರನ್‌ವೇ, 64ಕ್ಕೆ ಒಂದೊಂದು, ಉಳಿದ 71 ಒಣ ಹವೆಯಲ್ಲಿ ಮಾತ್ರ ಬಳಸುವಂಥವು. ಸೋಗಾನೆಯ ಒಂದು ನಿಲ್ದಾಣಕ್ಕೆ ಹಿಡಿದ ಕಾಲಕ್ಕಿಂತ ಕಡಿಮೆ ಅವಧಿಯಲ್ಲಿ ಅಷ್ಟೂ ಆಗಿಹೋಗಿದ್ದವು.

ನಾಡನ್ನು ಎಣಿಕೆಯಿಂದ ಗುರುತಿಸುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಒಂದು ಕಾಲಕ್ಕೆ ನಾಗರಖಂಡ-70ರ ರಾಜಧಾನಿ. ಆ ನಾಗರಖಂಡ ಬನವಾಸಿ-12000ದ ಒಂದು ಭಾಗ. ಎಪ್ಪತ್ತು ಎಂದರೆ ಎಪ್ಪತ್ತು ಊರುಗಳ ನಾಡು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಆ ಅಳತೆಗೋಲನ್ನೇ ಹಿಡಿದರೆ, ಎರಡು ವರ್ಷದೊಳಗೆ ಎದ್ದು ನಿಂತ ವಾಯುನೆಲೆಗಳ ಸಂಖ್ಯೆ ಇಡೀ ನಾಗರಖಂಡದ ಊರುಗಳ ಸುಮಾರು ನಾಲ್ಕು ಪಟ್ಟು.

ಆತುರಕ್ಕೆ ಕಾರಣವಿತ್ತು. 1942ರ ಫೆಬ್ರುವರಿ 15ಕ್ಕೆ ಸಿಂಗಪುರ ಬಿತ್ತು, ಮಾರ್ಚ್ 8ಕ್ಕೆ ರಂಗೂನು. ಏಪ್ರಿಲ್ 5ಕ್ಕೆ ಕೊಲಂಬೊ ಮೇಲೆ ಜಪಾನಿನ ಬಾಂಬು. ಮರುದಿನ ವಿಶಾಖಪಟ್ಟಣ, ಕಾಕಿನಾಡ. ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಹೊರಟರು. ಮುಂಚೂಣಿಗೆ ಅಸ್ಸಾಂ ಮತ್ತು ಬಂಗಾಳದ ನೆಲೆಗಳು ಬೇಕಿದ್ದಂತೆಯೇ, ಶತ್ರುವಿನ ಕೈಗೆಟುಕದ ದೂರದಲ್ಲಿ ಪೈಲಟ್‌ಗಳನ್ನು ತಯಾರು ಮಾಡಲು, ಮುರಿದ ವಿಮಾನ ಸರಿಪಡಿಸಲು ಹಿಂಬದಿಯ ನೆಲೆಗಳೂ ಬೇಕಿದ್ದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ವರ್ಷದ ಬಹುಪಾಲು ತಿಳಿ ಆಕಾಶವಿರುವ ಬೆಂಗಳೂರು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಬ್ರಿಟಿಷ್ ವಾಯುಪಡೆ ಯಲಹಂಕದಲ್ಲಿ ನೆಲೆ ಕಟ್ಟಿದ್ದು 1942ರಲ್ಲಿ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯ ಸಾಂಬ್ರಾದಲ್ಲಿ, ನಿಜಾಮನ ಸೀಮೆಯಾಗಿದ್ದ ಬೀದರಿನಲ್ಲಿ ನೆಲೆಗಳು ಹುಟ್ಟಿದ್ದೂ ಅದೇ ವರ್ಷ. ಇವತ್ತು ಒಂದೇ ರಾಜ್ಯದೊಳಗಿರುವ ಈ ಮೂರು ಅಂದು ಮೂರು ಬೇರೆ ಬೇರೆ ಸರ್ಕಾರಗಳ ನೆಲ.

ಒಂದು ರನ್‌ವೇ ಎಂದರೆ ಎಷ್ಟು ಎಂಬುದನ್ನು ಬಿಡಿಸಿ ಲೆಕ್ಕ ಹಾಕಬೇಕು. ಇಲ್ಲವಾದರೆ 275 ಎಂಬುದು ಬರೀ ಅಂಕಿಯಾಗಿ ಉಳಿಯುತ್ತದೆ. ಬ್ರಿಟಿಷ್ ವಾಯುಪಡೆಯ ಮೊದಲ ದರ್ಜೆಯ ನೆಲೆಗೆ ಮುಖ್ಯ ರನ್‌ವೇ 2,000 ಗಜ ಉದ್ದ, 50 ಗಜ ಅಗಲ ಇರಬೇಕಿತ್ತು. ಅಂದರೆ ಒಂದು ಲಕ್ಷ ಚದರ ಗಜ, ಇಪ್ಪತ್ತು ಎಕರೆಗಿಂತ ತುಸು ಹೆಚ್ಚು. ಇಪ್ಪತ್ತು ಎಕರೆ ಗದ್ದೆಯನ್ನು ಒಂದೇ ಹಲಗೆಯಂತೆ ಮಟ್ಟ ಮಾಡಿ, ಜಲ್ಲಿ ಹಾಸಿ, ದಿಮ್ಮಸು ಹೊಡೆದು, ಮೇಲೆ ಆರು ಇಂಚು ಕಾಂಕ್ರೀಟು ಎರೆದರೆ, ಕಾಂಕ್ರೀಟೊಂದೇ 12,700 ಘನ ಮೀಟರ್, ತೂಕದಲ್ಲಿ ಸುಮಾರು 30,000 ಟನ್. ಕೆಲಸದಾಳುಗಳಲ್ಲಿ ದೊಡ್ಡ ಪಾಲು ಹೆಂಗಸರು. ಸಾಧನ ಬಿದಿರು ಬುಟ್ಟಿ, ತಲೆಯ ಮೇಲೊಂದು ಸಿಂಬಿ. ಬುಟ್ಟಿಗೆ 20 ಕಿಲೊ ಎಂದಿಟ್ಟುಕೊಂಡರೆ ಒಂದು ರನ್‌ವೇಗೆ 15 ಲಕ್ಷ ಬುಟ್ಟಿ. ಒಬ್ಬ ಹೆಂಗಸು ದಿನಕ್ಕೆ ಇನ್ನೂರು ಬುಟ್ಟಿ ಹೊತ್ತಳು ಎನ್ನೋಣ. 500 ಹೆಂಗಸರು ಹದಿನೈದು ದಿನ ಬಿಡುವಿಲ್ಲದೆ ಹೊತ್ತರೆ ಒಂದು ರನ್‌ವೇಯ ಮೇಲ್ಪದರ ಮುಗಿಯುತ್ತದೆ. ಇದರಲ್ಲಿ ಕಲ್ಲು ಒಡೆದದ್ದು, ಮಣ್ಣು ಅಗೆದದ್ದು, ಚರಂಡಿ ತೋಡಿದ್ದು, ಕೆರೆಯಿಂದ ನೀರು ತಂದದ್ದು ಸೇರಿಲ್ಲ.

ಈಗ ಗುಣಾಕಾರ. ಎರಡು ರನ್‌ವೇಯ 140 ನೆಲೆ, ಒಂದು ರನ್‌ವೇಯ 64 ನೆಲೆ. ಒಟ್ಟು 344 ಗಟ್ಟಿ ರನ್‌ವೇ. ತಲಾ 15 ಲಕ್ಷ ಬುಟ್ಟಿಯಂತೆ 51 ಕೋಟಿ 60 ಲಕ್ಷ ಬುಟ್ಟಿ. 1941ರ ಜನಗಣತಿಯಲ್ಲಿ ಅವಿಭಜಿತ ಭಾರತದ ಜನಸಂಖ್ಯೆ ಸುಮಾರು 39 ಕೋಟಿ. ಹಸುಗೂಸಿನಿಂದ ಹಣ್ಣು ಮುದುಕರವರೆಗೆ ದೇಶದ ಪ್ರತಿಯೊಬ್ಬರೂ ತಲೆಗೊಂದು ಬುಟ್ಟಿ ಕಾಂಕ್ರೀಟು ಹೊತ್ತು ಹಾಕಿದ್ದರೂ ಕೆಲಸ ಮುಗಿಯುತ್ತಿರಲಿಲ್ಲ. ಎಲ್ಲ ರನ್‌ವೇಗಳೂ ಪೂರ್ತಿ ಉದ್ದದವಲ್ಲ, ಎಲ್ಲಕ್ಕೂ ಆರು ಇಂಚು ಕಾಂಕ್ರೀಟು ಬೀಳಲಿಲ್ಲ. ಕೆಲವಕ್ಕೆ ಡಾಂಬರು, ಕೆಲವಕ್ಕೆ ಜಲ್ಲಿ. ಲೆಕ್ಕವನ್ನು ಅರ್ಧಕ್ಕರ್ಧ ಕಡಿತ ಮಾಡಿ, ಇಪ್ಪತ್ತೈದು ಕೋಟಿ ಬುಟ್ಟಿ ಉಳಿಯುತ್ತದೆ. ಆಗಲೂ ನನಗೆ ಮಾತು ಹೊರಡುವುದಿಲ್ಲ.

ಇಷ್ಟಕ್ಕೆ ಹಣ ಎಲ್ಲಿಂದ ಬಂತು? ಬ್ರಿಟನ್ನಿನ ಪರವಾಗಿ ಭಾರತ ಮಾಡಿದ ಯುದ್ಧಖರ್ಚನ್ನು ಮುಂದೆ ತೀರಿಸುತ್ತೇವೆ ಎಂದು ಲಂಡನ್ನಿನಲ್ಲಿ ಬರೆದಿಡಲಾಯಿತು. ಆ ಭರವಸೆಯ ಮೇಲೆ ಇಲ್ಲಿ ನೋಟು ಅಚ್ಚು ಹಾಕಲಾಯಿತು. 1939ರಿಂದ 1945ರ ನಡುವೆ ಚಲಾವಣೆಯ ನೋಟುಗಳ ಮೊತ್ತ ಆರು ಪಟ್ಟು ಮೀರಿತು. ನೋಟು ಹೆಚ್ಚಿತು, ಅಕ್ಕಿ ಹೆಚ್ಚಲಿಲ್ಲ. 1943ರ ಬಂಗಾಳದ ಬರದಲ್ಲಿ ಸತ್ತವರು ಇಪ್ಪತ್ತರಿಂದ ಮೂವತ್ತು ಲಕ್ಷ ಎಂದು ಅಂದಾಜಿದೆ. ಆ ಸಾವಿಗೆ ಇದ್ದ ಹಲವು ಕಾರಣಗಳಲ್ಲಿ ಈ ಬೆಲೆಯೇರಿಕೆಯೂ ಒಂದು. ರನ್‌ವೇಗಳು ಮುಗಿದ ವರ್ಷ, ಬರ ಬಿದ್ದ ವರ್ಷ ಎರಡೂ ಒಂದೇ ಎಂಬುದನ್ನು ಮರೆತು ಈ ಅಂಕಿಗಳಿಗೆ ಬೆರಗಾಗುವುದು ಸರಿಯಲ್ಲ.

ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಒಂದು ಶಾಸನವಿದೆ. ಗಂಡ ತೀರಿಕೊಂಡ ಮೇಲೆ ನಾಗರಖಂಡದ ಆಡಳಿತ ವಹಿಸಿಕೊಂಡ ಜಕ್ಕಿಯಬ್ಬೆ, ಕೊನೆಗೆ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನದಿಂದ ದೇಹ ಬಿಟ್ಟ ಸಂಗತಿ ಅದರಲ್ಲಿದೆ. ಸಾವಿರದ ನೂರು ವರ್ಷದ ಹಿಂದಿನ ಒಬ್ಬ ಹೆಣ್ಣುಮಗಳ ಹೆಸರು, ಅವಳು ವಹಿಸಿದ ಹೊಣೆ, ಅವಳ ಕೊನೆ, ಎಲ್ಲವೂ ನಮಗೆ ಗೊತ್ತು. ಯಲಹಂಕದಲ್ಲಿ, ಸಾಂಬ್ರಾದಲ್ಲಿ ಬುಟ್ಟಿ ಹೊತ್ತು ಇನ್ನೂ ಎಂಬತ್ತು ಚಿಲ್ಲರೆ ವರ್ಷವಷ್ಟೇ ಆಗಿದೆ. ಆ ಹೆಂಗಸರ ಹೆಸರು ಕೆತ್ತಿದ ಕಲ್ಲನ್ನು ಎಲ್ಲಿ ಹುಡುಕುವುದು? ಅವರ ಮಕ್ಕಳು, ಮೊಮ್ಮಕ್ಕಳು ಸುತ್ತಲಿನ ಊರುಗಳಲ್ಲೇ ಇರಬಹುದಾದ ಈ ಹೊತ್ತಿನಲ್ಲಾದರೂ ಜಾನಪದ ಮತ್ತು ಚರಿತ್ರೆಯ ವಿದ್ಯಾರ್ಥಿಗಳು ಅತ್ತ ಹೋಗಿ ಕೇಳಬೇಕು.

ಇಷ್ಟೆಲ್ಲ ನೆಲ ಸಿದ್ಧವಾದದ್ದು ಯಾರಿಗಾಗಿ? ಯುದ್ಧ ಶುರುವಾದಾಗ ಭಾರತೀಯ ವಾಯುಪಡೆಯಲ್ಲಿ ಇದ್ದದ್ದು ಹದಿನಾರು ಜನ ಅಧಿಕಾರಿಗಳು, ಒಂದೇ ಒಂದು ಸ್ಕ್ವಾಡ್ರನ್. 1945ರ ಹೊತ್ತಿಗೆ ಒಂಬತ್ತು ಸ್ಕ್ವಾಡ್ರನ್, ಅಧಿಕಾರಿಗಳೇ ಸುಮಾರು 1,600, ಒಟ್ಟು ಸಿಬ್ಬಂದಿ 28,500. ಅಧಿಕಾರಿಗಳ ಸಂಖ್ಯೆ ಆರೇ ವರ್ಷದಲ್ಲಿ ನೂರು ಪಟ್ಟು. ಹುಡುಗರು ಹೈದರಾಬಾದಿನ ಬೇಗಂಪೇಟೆ ಅಥವಾ ಜೋಧಪುರದ ಪ್ರಾಥಮಿಕ ಶಾಲೆಯಲ್ಲಿ ಹಾರಲು ಕಲಿತು, ಅಂಬಾಲಾಕ್ಕೆ ಹೋಗಿ ಪಳಗುತ್ತಿದ್ದರು. ಜಗತ್ತಿನ ಲೆಕ್ಕದಲ್ಲಿ ಇದು ಚಿಕ್ಕದು. 1939ರ ಡಿಸೆಂಬರ್ 17ರಂದು ಸಹಿಯಾದ ಕಾಮನ್‌ವೆಲ್ತ್ ವಾಯು ತರಬೇತಿ ಯೋಜನೆಯಡಿ ಕೆನಡಾ ಒಂದರಲ್ಲೇ 1,31,553 ಜನ ಪೈಲಟ್, ನ್ಯಾವಿಗೇಟರ್, ಗನ್ನರ್‌ಗಳು ತಯಾರಾದರು. ಅಮೆರಿಕದ ಸೇನಾ ವಾಯುಪಡೆ 1939ರಿಂದ 1945ರೊಳಗೆ 1,93,000ಕ್ಕೂ ಹೆಚ್ಚು ಪೈಲಟ್‌ಗಳನ್ನು ಹೊರತಂದಿತು. ಅದೇ ಅಮೆರಿಕದಲ್ಲಿ, ಶತ್ರುವಿಮಾನಗಳ ಕಾಟವಿರದ ತಾಯ್ನೆಲದ ಆಕಾಶದಲ್ಲಿ, ಅಪಘಾತಗಳಲ್ಲೇ ಸುಮಾರು 15,000 ವಾಯುಸೈನಿಕರು ಸತ್ತರು. ರಣರಂಗ ಕಾಣುವ ಮೊದಲೇ ಸತ್ತವರು ಇವರು.

ಯಲಹಂಕದ ಪಾಲು ಈ ದೊಡ್ಡ ಕಥೆಯಲ್ಲಿ ವಿಶೇಷವಾದದ್ದು. ಅಲ್ಲಿಗೆ ಬಂದವರು ಹಾರಲು ಬಾರದ ಹುಡುಗರಲ್ಲ. ಬರ್ಮಾ ಗಡಿಯಲ್ಲಿ, ಸಿಂಹಳದಲ್ಲಿ ಹರಿಕೇನ್ ಓಡಿಸಿ ನುರಿತ ಪೈಲಟ್‌ಗಳು. 1944ರಲ್ಲಿ ಅವರಿಗೆಲ್ಲ ಅಮೆರಿಕದ ಥಂಡರ್‌ಬೋಲ್ಟ್ ಕೊಡುವುದೆಂದು ತೀರ್ಮಾನವಾಯಿತು. ಅದಕ್ಕಾಗಿ 1670ನೇ ಥಂಡರ್‌ಬೋಲ್ಟ್ ಪರಿವರ್ತನಾ ಘಟಕ ಯಲಹಂಕದಲ್ಲಿ ನೆಲೆಯೂರಿತು. 30, 135, 146, 261ನೇ ಸ್ಕ್ವಾಡ್ರನ್‌ಗಳಂಥವು ಇಲ್ಲಿಗೆ ಬಂದು ಹೊಸ ವಿಮಾನ ಕಲಿತು ಹೋದವು. ತುಂಬಿದ ಹರಿಕೇನ್‌ನ ತೂಕ ಸುಮಾರು ಮೂರೂವರೆ ಟನ್. ಥಂಡರ್‌ಬೋಲ್ಟ್ ಬರಿದಾಗಿದ್ದರೂ ನಾಲ್ಕೂವರೆ ಟನ್. ಪೆಟ್ರೋಲು, ಎಂಟು ಮೆಷಿನ್ ಗನ್, ಬಾಂಬು ತುಂಬಿದರೆ ಏಳೂವರೆ ದಾಟುತ್ತಿತ್ತು. ಹದಿನೆಂಟು ಸಿಲಿಂಡರಿನ ಒಂದೇ ಎಂಜಿನ್ನಿನಲ್ಲಿ 2,000 ಕುದುರೆಶಕ್ತಿಗೂ ಮಿಗಿಲು. ಶಿಕಾರಿಪುರ, ಸೊರಬದ ಮೆಕ್ಕೆಜೋಳದ ಹೊಲಗಳಲ್ಲಿ ಓಡುವ 45 ಕುದುರೆಶಕ್ತಿಯ ಟ್ರ್ಯಾಕ್ಟರ್‌ಗಳಲ್ಲಿ ನಲವತ್ತನಾಲ್ಕನ್ನು ಒಂದೇ ನೊಗಕ್ಕೆ ಕಟ್ಟಿ, ಹಗ್ಗವನ್ನು ಇಪ್ಪತ್ತೆರಡು ವರ್ಷದ ಹುಡುಗನ ಕೈಗೆ ಕೊಟ್ಟಂತೆ. ಒಂದೇ ಸೀಟಿನ ವಿಮಾನವಾದ್ದರಿಂದ ಪಕ್ಕದಲ್ಲಿ ಕೂತು ಕಲಿಸುವ ಗುರುವೂ ಇಲ್ಲ. ಮೊದಲ ಹಾರಾಟವೇ ಒಂಟಿ ಹಾರಾಟ. ಉದ್ದನೆಯ ಗಟ್ಟಿ ರನ್‌ವೇ ಯಾಕೆ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಯಲಹಂಕದ ದಕ್ಷಿಣಕ್ಕೆ, ಊರಿನ ಇನ್ನೊಂದು ಮಗ್ಗುಲಲ್ಲಿ ಮತ್ತೊಂದು ಆಶ್ಚರ್ಯ ನಡೆದಿತ್ತು. ವಾಲ್‌ಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮೈಸೂರು ಸಂಸ್ಥಾನ 700 ಎಕರೆ ಭೂಮಿ ಮತ್ತು 25 ಲಕ್ಷ ರೂಪಾಯಿ ಬಂಡವಾಳದೊಂದಿಗೆ ಮುಂದೆ ಬಂತು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಶಿವನಸಮುದ್ರದ ವಿದ್ಯುತ್ತು, ನಮ್ಮ ಭದ್ರಾವತಿಯ ಉಕ್ಕು ಸಂಸ್ಥಾನದ ಬೆನ್ನಿಗಿದ್ದವು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷವೇ ಅಲ್ಲಿಂದ ಮೇಲೆದ್ದ ಮೊದಲ ವಿಮಾನ ಹಾರ್ಲೊ ಪಿಸಿ-5, ಅದು ತರಬೇತಿ ವಿಮಾನ. 1943ರಲ್ಲಿ ಕಾರ್ಖಾನೆಯ ನಿರ್ವಹಣೆ ಅಮೆರಿಕದ ಸೇನೆಯ ಕೈಗೆ ಹೋಯಿತು. ಬರ್ಮಾ ಮತ್ತು ಚೀನಾ ಕಡೆಯ ಯುದ್ಧವಿಮಾನಗಳ ರಿಪೇರಿ ಅಲ್ಲಿ ನಡೆಯಿತು. ಕೆಟಲೀನಾ ಎಂಬ, 104 ಅಡಿ ರೆಕ್ಕೆಯ ಕಡಲವಿಮಾನಗಳು ರಿಪೇರಿಗೆ ಬಂದಾಗ ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯ ಮೇಲೆ. ಸುಮಾರು 900 ಎಕರೆಯ ಕೆರೆ ಆಗ ನೀರಿನ ರನ್‌ವೇ. ಅದೇ ಕೆರೆ 2015ರಲ್ಲಿ, ಮತ್ತೆ 2017ರಲ್ಲಿ, 2018ರಲ್ಲಿ ನೊರೆಯುಕ್ಕಿಸಿ ಬೆಂಕಿ ಹತ್ತಿ ಉರಿಯಿತು. ಯುದ್ಧ ಅದನ್ನು ಕೆಡಿಸಲಿಲ್ಲ. ಶಾಂತಿಕಾಲದ ನಾವು ಕೆಡಿಸಿದೆವು.

ಯುದ್ಧ ನಿಂತಿತು. ಆತುರದಲ್ಲಿ ಕಟ್ಟಿದ್ದೆಲ್ಲ ಅಷ್ಟೇ ಆತುರದಲ್ಲಿ ಬೇಡವಾಯಿತು. ಮದ್ರಾಸಿನ ಹೊರಗಿನ ಚೋಳವರಂ ನೆಲೆ ಕಾರು, ಬೈಕ್ ರೇಸಿನ ಕಣವಾಯಿತು. ಇಂಗ್ಲೆಂಡಿನಲ್ಲೂ ಹೀಗೇ: ವೆಲ್ಲಿಂಗ್ಟನ್ ಬಾಂಬರ್‌ಗಳ ತರಬೇತಿಗೆ 1943ರಲ್ಲಿ ತೆರೆದ ಸಿಲ್ವರ್‌ಸ್ಟೋನ್ ನೆಲೆಯಲ್ಲಿ 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ರೇಸು ನಡೆಯಿತು. ಯುದ್ಧಕಾಲದ ಕಾಂಕ್ರೀಟು ಎಷ್ಟೆಷ್ಟು ವೇಷ ಹಾಕಿದೆಯೋ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಲಿಬರೇಟರ್‌ಗಳ ಕಥೆ. ನಾಲ್ಕು ಎಂಜಿನ್ನಿನ, 110 ಅಡಿ ರೆಕ್ಕೆಯ ಈ ಬಾಂಬರನ್ನು ಅಮೆರಿಕ 18,000ಕ್ಕೂ ಹೆಚ್ಚು ತಯಾರಿಸಿತು. ಮಿಷಿಗನ್ನಿನ ವಿಲೋ ರನ್ ಎಂಬಲ್ಲಿ ಫೋರ್ಡ್ ಕಂಪನಿಯ ಕಾರ್ಖಾನೆ 1944ರಲ್ಲಿ 63 ನಿಮಿಷಕ್ಕೊಂದು ಲಿಬರೇಟರ್ ಹೊರಗೆ ಬಿಡುತ್ತಿತ್ತು. ಬ್ರಿಟಿಷ್ ವಾಯುಪಡೆಗೆ ಅಮೆರಿಕ ಇವನ್ನು ಕೊಟ್ಟದ್ದು ಯುದ್ಧದ ಮಟ್ಟಿಗೆ. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು ಅಥವಾ ಮತ್ಯಾರೂ ಹಾರಿಸದಂತೆ ಹಾಳುಗೆಡವಬೇಕು. ಹಾಗೆ ಕಾನ್ಪುರದ ಚಕೇರಿಯಲ್ಲಿ ಬಿಟ್ಟುಹೋದ ಲಿಬರೇಟರ್‌ಗಳ ಎಂಜಿನ್ನಿಗೆ ಮರಳು ಸುರಿದು, ಉಪಕರಣಗಳನ್ನು ಜಜ್ಜಿ ಹಾಕಿದ್ದರು. ಮಳೆ ಬಿಸಿಲಿಗೆ ಬಿದ್ದ ಆ ಸಾಲು ಗುಜರಿಯಾಗಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಭಾರತಕ್ಕೆ ಬಾಂಬರ್ ಬೇಕಾಯಿತು. ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಕೆಲಸಗಾರರು ಕಾನ್ಪುರಕ್ಕೆ ಹೋದರು. ಒಂದರ ರೆಕ್ಕೆ, ಇನ್ನೊಂದರ ಚಕ್ರ, ಮತ್ತೊಂದರ ಎಂಜಿನ್ನು ಕೂಡಿಸಿ, ಒಮ್ಮೆ ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ಒಂದೊಂದನ್ನೇ ಏಳಿಸಿ ನಿಲ್ಲಿಸಿದರು. ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಜಮ್‌ಷೆಡ್ ಕೈಕೋಬಾದ್ ಮುನ್ಷಿ ಅವನ್ನು ಹಾರಿಸಿಕೊಂಡು ಬಂದರು. ಕಾನ್ಪುರದಿಂದ ಬೆಂಗಳೂರಿಗೆ ನೇರ ದಾರಿಯಲ್ಲಿ ಸುಮಾರು 1,500 ಕಿಲೊಮೀಟರ್. ಹಾಗೆ ಬಂದವು ನಲವತ್ತಕ್ಕೂ ಹೆಚ್ಚು. ಬರುವ ದಾರಿಯನ್ನಷ್ಟೇ ಕೂಡಿಸಿದರೂ 60,000 ಕಿಲೊಮೀಟರ್, ಭೂಮಿಯನ್ನು ಒಂದೂವರೆ ಸುತ್ತು ಹಾಕಿದಷ್ಟು. ಅದೂ ಹಾರಬಾರದು ಎಂದೇ ಕೆಡಿಸಿಟ್ಟ ವಿಮಾನಗಳಲ್ಲಿ. ಬೆಂಗಳೂರಿನ ಶೆಡ್‌ಗಳಲ್ಲಿ ಅವನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಕಟ್ಟಲಾಯಿತು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ಲಿಬರೇಟರ್‌ಗಳಿಂದಲೇ ಹುಟ್ಟಿತು.

ವಿಲೋ ರನ್ನಿನ ಗಡಿಯಾರದಲ್ಲಿ ನಲವತ್ತು ಲಿಬರೇಟರ್ ಎಂದರೆ 42 ಗಂಟೆ, ಎರಡು ದಿನಕ್ಕಿಂತ ಕಡಿಮೆ ಕೆಲಸ. ಅಮೆರಿಕಕ್ಕೆ ಎರಡು ದಿನದ ಕಸವಾದದ್ದು ಬೆಂಗಳೂರಿನ ಫಿಟ್ಟರ್‌ಗಳ ಕೈಯಲ್ಲಿ ಒಂದು ಹೊಸ ದೇಶದ ಬಾಂಬರ್ ಪಡೆಯಾಯಿತು. ಇಪ್ಪತ್ತು ವರ್ಷ ದುಡಿಯಿತು. ಭಾರತದ ಲಿಬರೇಟರ್‌ಗಳು ಸೇವೆಯಿಂದ ನಿವೃತ್ತಿಯಾದದ್ದು 1968ರ ಕೊನೆಗೆ. ಅಷ್ಟರಲ್ಲಿ ಉಳಿದ ದೇಶಗಳಲ್ಲಿ ಇವು ಹೆಚ್ಚುಕಡಿಮೆ ಕರಗಿ ಪಾತ್ರೆಯೋ ಕಂಬಿಯೋ ಆಗಿಹೋಗಿದ್ದವು. ಆಗ ಅಮೆರಿಕ, ಬ್ರಿಟನ್, ಕೆನಡಾದ ವಸ್ತುಸಂಗ್ರಹಾಲಯಗಳು ಭಾರತದ ಬಾಗಿಲು ತಟ್ಟಿದವು. ಅರಿಜೋನಾದ ಪೀಮಾ, ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯ, ಒಟ್ಟಾವದ ಸಂಗ್ರಹಾಲಯಗಳಲ್ಲಿ ಇವತ್ತು ನಿಂತಿರುವ ಲಿಬರೇಟರ್‌ಗಳು ಭಾರತದಿಂದ ಹೋದವು. 18,000ದಲ್ಲಿ ಇಡಿಯಾಗಿ ಉಳಿದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಬೆಂಗಳೂರಿನ ಕೈಚಳಕದಿಂದ ಬದುಕಿಕೊಂಡವು ಎಂಬುದನ್ನು ನಮ್ಮ ಶಾಲಾಪುಸ್ತಕಗಳಲ್ಲಿ ಯಾಕೆ ಬರೆಯಬಾರದು?

ಮುನ್ಷಿಯವರೇ 1951ರ ಆಗಸ್ಟ್ 5ರಂದು ಅದೇ ಕಾರ್ಖಾನೆಯ ರನ್‌ವೇಯಿಂದ ಎಚ್‌ಟಿ-2 ಹಾರಿಸಿದರು. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಆ ತರಬೇತಿ ವಿಮಾನದಲ್ಲಿ ವಾಯುಪಡೆಯ ಎಷ್ಟೋ ಪೈಲಟ್‌ಗಳು ಅಕ್ಷರಾಭ್ಯಾಸ ಮಾಡಿದರು. 1964ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ, 2001ರ ಜನವರಿ 4ರಂದು ತೇಜಸ್, 2016ರಲ್ಲಿ ಎಚ್‌ಟಿಟಿ-40, ಎಲ್ಲದರ ಮೊದಲ ಹಾರಾಟವೂ ಬೆಂಗಳೂರಿನಲ್ಲೇ. ನಾಗರಿಕ ವಿಮಾನಗಳೂ ಆ ಯುದ್ಧಕಾಲದ ನಿಲ್ದಾಣವನ್ನೇ ನೆಚ್ಚಿಕೊಂಡಿದ್ದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಸ್ಥಳಾಂತರವಾಗುವ ಹೊತ್ತಿಗೆ ಅಲ್ಲಿ ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು ಹತ್ತಿಳಿಯುತ್ತಿದ್ದರು.

ಯಲಹಂಕದಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದೆ. ಅಲ್ಲಿ ಸೇರುವ ಲಕ್ಷಾಂತರ ಜನ ಕತ್ತೆತ್ತಿ ಆಕಾಶ ನೋಡುತ್ತಾರೆ. ಸಾಂಬ್ರಾಕ್ಕೆ 1961ರ ಡಿಸೆಂಬರ್ 18ರಂದು ಮತ್ತೆ ಯುದ್ಧದ ಕೆಲಸ ಬಂತು: ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾದ ದಿನ ಅಲ್ಲಿಂದ ಹಾರಿದ ಹಂಟರ್‌ಗಳು ಬಾಂಬೋಲಿಮ್‌ನ ಪೋರ್ಚುಗೀಸ್ ವೈರ್‌ಲೆಸ್ ಕೇಂದ್ರವನ್ನು ಹೊಡೆದುರುಳಿಸಿದವು. ಈಗ ಒಂದು ಮಗ್ಗುಲಲ್ಲಿ ಬೆಳಗಾವಿಯ ನಾಗರಿಕ ವಿಮಾನ ನಿಲ್ದಾಣ, ಇನ್ನೊಂದು ಮಗ್ಗುಲಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ. ಅಗ್ನಿವೀರ ಯೋಜನೆಯಲ್ಲಿ ವಾಯುಪಡೆ ಸೇರಿದ ಮೊದಲ ಹೆಣ್ಣುಮಕ್ಕಳು 2023ರಲ್ಲಿ ಕವಾಯತು ಕಲಿತದ್ದು ಇಲ್ಲೇ.

ಬೀದರ್ ಯುದ್ಧಾನಂತರ ಬಹುಕಾಲ ಮಂಕಾಗಿತ್ತು. 1963ರಲ್ಲಿ, ಚೀನಾ ಯುದ್ಧದ ಪಾಠ ಇನ್ನೂ ಹಸಿಯಾಗಿದ್ದಾಗ, ವಾಯುಪಡೆ ಅಲ್ಲಿ ಮತ್ತೆ ತರಬೇತಿ ಶುರು ಮಾಡಿತು. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದು ಬೀದರಿನಲ್ಲೇ. ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಲ್ಲಿ ಹಾರುವ ಆ ತಂಡ ಮೊದಲು ಬಳಸಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕಿರಣ್. 2008ರಿಂದ ಅಲ್ಲಿ ಹಾಕ್ ಜೆಟ್‌ಗಳಿವೆ. ಭಾರತ ತರಿಸಿಕೊಂಡ 123 ಹಾಕ್‌ಗಳಲ್ಲಿ ಮೊದಲ 24 ಮಾತ್ರ ಬ್ರಿಟನ್ನಿನಲ್ಲಿ ತಯಾರಾದವು. ಉಳಿದ 99 ಬೆಂಗಳೂರಿನ ಅದೇ ವಿಮಾನ ಕಾರ್ಖಾನೆಗೆ, ಅಂದರೆ ಇಂದಿನ ಎಚ್‌ಎಎಲ್‌ಗೆ, ಬಂದ ಕೆಲಸ. ಯುದ್ಧವಿಮಾನ ಏರುವ ಭಾರತದ ಹುಡುಗ ಹುಡುಗಿಯರು ಅದಕ್ಕೆ ಮೊದಲು ಬೀದರಿನ ಆಕಾಶದಲ್ಲಿ ಹಾಕ್ ಹಾರಿಸಿ ಪಾಸಾಗಬೇಕು. 2020ರಿಂದ ಅದೇ ನೆಲೆಯ ಒಂದು ಅಂಚಿನಲ್ಲಿ ಬೀದರಿನ ಜನರಿಗೂ ಬೆಂಗಳೂರಿಗೆ ವಿಮಾನ ಹತ್ತಲು ಒಂದು ಪುಟ್ಟ ಟರ್ಮಿನಲ್ ಇದೆ.